ಇಳಿಯಲು ಕಲಿಯದವಳು

ವೇದಿಕೆಯ ಮೇಲೆ ಬಂದ ಸೈಕಲ್ ತನ್ನದೇ ಎಂದು ಗೊತ್ತಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಸಿರು ಬಣ್ಣ, ಮುಂದೆ ಸೊಟ್ಟಗಾದ ಬುಟ್ಟಿ, ಹ್ಯಾಂಡಲ್ಲಿಗೆ ಅವಳೇ ಸುತ್ತಿದ್ದ ಹಳದಿ ಬಟ್ಟೆ. "ಬ್ರೇಕ್ ಸರಿಮಾಡಿಸಿ ಕೊಡ್ತೀನಿ" ಎಂದು ಅವಳಿಗೆ ತುಳಿಯಲು ಕಲಿಸುತ್ತಿದ್ದ ನಟ ಮೊನ್ನೆ ಒಯ್ದಿದ್ದ ಸೈಕಲ್ ಅದು. ಹತ್ತಿ ಬರುತ್ತಿದ್ದವನೂ ಅವನೇ. ಉದ್ದ ಲಂಗ, ತಲೆಗೆ ವಿಗ್, ಕಣ್ಣಿಗೆ ಅವಳ ಥರದ್ದೇ ದಪ್ಪ ಕನ್ನಡಕ.

"ಅಯ್ಯೋ ಅಕ್ಕಾ, ಹಿಡ್ಕೊಳೇ!" ಎಂದು ಕಿರುಚಿ ಅವನು ದಬಾರನೆ ಬಿದ್ದ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಕ್ಕದಲ್ಲಿ ಭಾವ ತೊಡೆ ತಟ್ಟಿದ. ಅಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದವಳು ತಟ್ಟನೆ ತಿರುಗಿದಳು.

"ಏಯ್ ಪುಟ್ಟಿ... ಇದು ನೀನೇ ಅಲ್ವೇನೇ?"

ಬೇಕಿತ್ತೇ ಇದು? ಅಕ್ಕ-ಭಾವನಿಗೆ ಈ ಹುಡುಗನನ್ನು ತೋರಿಸಬೇಕೆಂದು ಅವಳೇ ಕರೆತಂದಿದ್ದಳು. ಆಟ ಮುಗಿದ ಮೇಲೆ 'ಇವನನ್ನೇ ಮದುವೆಯಾಗ್ತೀನಿ' ಎನ್ನುವ ಮಾತನ್ನು ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಹದಮಾಡಿಕೊಂಡಿದ್ದಳು. ತೋರಿಸಿದ್ದಾಯಿತು, ಚೆನ್ನಾಗಿಯೇ ಆಯಿತು!

ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಚಿಕ್ಕಂದಿನಲ್ಲಿ ಸೈಕಲ್ ಕಲಿಯಲು ಹೋಗಿ ಬಿದ್ದಾಗ ಇಡೀ ಬೀದಿ ಹಲ್ಲು ಕಿಸಿದಿತ್ತು. ಆಮೇಲೆ ನಲವತ್ತು ಹತ್ತಿರವಾಗುವವರೆಗೂ ಸೈಕಲ್ ಮುಟ್ಟಿರಲಿಲ್ಲ. ಓದುವ ಕನ್ನಡಕಕ್ಕೆಂದು ಬಂದ ನಟನಿಗೆ ಮಾತ್ರ ಅದನ್ನು ಹೇಳಿದ್ದಳು. ಅವನು ನಗಲಿಲ್ಲ. ಅಲ್ಲೇ ಮನಸೋತಳು.

ಭಾನುವಾರ ಬಂದರೆ ಗೋದಾಮಿನ ಹಿಂದಿನ ಖಾಲಿ ಅಂಗಳದಲ್ಲಿ ಅವನು ಸೀಟು ಹಿಡಿದು ಓಡುವುದು, ಅವಳು ತುಳಿಯುವುದು. ಅವನ ಉಸಿರು ಭುಜಕ್ಕೆ ತಾಗಿದಾಗಲೆಲ್ಲ ಹ್ಯಾಂಡಲ್ ಇನ್ನಷ್ಟು ಓಲಾಡುತ್ತಿತ್ತು.

"ದಾರಿ ನೋಡಿ ಮೇಡಂ, ನನ್ನನ್ನಲ್ಲ."

"ನಿಮ್ಮನ್ನ ಯಾರ್ರೀ ನೋಡ್ತಾರೆ?" ಎನ್ನುತ್ತಲೇ ಅವಳು ನೋಡುತ್ತಿದ್ದಳು.

ಆ ಭಾನುವಾರಗಳನ್ನೆಲ್ಲ ಇವನು ಊರ ಮುಂದೆ ಹರಡಿಬಿಟ್ಟಿದ್ದ!

ಇಂಟರ್ವಲ್ ಆದದ್ದೇ ತಡ, ಅವಳು ಎದ್ದು ನೇರ ಪರದೆಯ ಹಿಂದಕ್ಕೆ ನುಗ್ಗಿದಳು. ಸೈಕಲ್ ಗೋಡೆಗೆ ಒರಗಿತ್ತು. ಮ್ಯಾನೇಜರ್ ಅಡ್ಡ ಬಂದ. "ಮೇಡಂ, ಅದು ಮುಂದಿನ ದೃಶ್ಯಕ್ಕೆ ಬೇಕು!"

"ನನ್ನ ಸೈಕಲ್. ನನಗೂ ಬೇಕು."

ಹಿಂಬಾಗಿಲಿನಿಂದ ಹೊರಗೆ ತಳ್ಳಿ, ಹತ್ತಿ, ತುಳಿದೇ ಬಿಟ್ಟಳು. ಓಲಾಟವಿಲ್ಲ, 'ಅಯ್ಯೋ ಅಕ್ಕಾ' ಎನ್ನುವ ಕಿರುಚಾಟವೂ ಇಲ್ಲ. ಮೈತುಂಬ ಕೋಪವೇ ಇದ್ದಾಗ ಹೆದರಿಕೆಗೆ ಜಾಗ ಎಲ್ಲಿರುತ್ತದೆ? ಥಿಯೇಟರಿನ ಸುತ್ತ ಹಾಕಿದ್ದ ಸಿಮೆಂಟ್ ದಾರಿಯ ತಿರುವು ದಾಟಿದ ಮೇಲೆಯೇ ನೆನಪಾಯಿತು, ತನಗೆ ಇಳಿಯಲು ಬರುವುದಿಲ್ಲ ಎಂದು. ಇಳಿಯುವಾಗಲೆಲ್ಲ ಅವನೇ ಸೀಟು ಹಿಡಿಯುತ್ತಿದ್ದ. ಬ್ರೇಕ್ ಒತ್ತಿದಳು. ಹಿಡಿಯಲಿಲ್ಲ. ಅದನ್ನೂ ಸರಿಮಾಡಿಸಿರಲಿಲ್ಲ ಪುಣ್ಯಾತ್ಮ.

ಇನ್ನೇನು ಮಾಡುವುದು? ಥಿಯೇಟರಿಗೆ ಸುತ್ತು ಹಾಕತೊಡಗಿದಳು.

ಲಂಗ ಎತ್ತಿಕಟ್ಟಿ ನಟ ಓಡಿಬಂದ. ವಿಗ್ ಕಿವಿಯ ಮೇಲೆ ಜಾರಿತ್ತು. "ನಿಲ್ಸ್ರೀ!"

"ನಿಲ್ಸಕ್ಕೆ ಬರಲ್ಲ ಅಂತ ಗೊತ್ತಿಲ್ವೇನೋ ನಿಂಗೆ?" ಅವನನ್ನು ಅವಳು ನೀನು ಎಂದದ್ದು ಅದೇ ಮೊದಲು.

"ಹಿಡ್ಕೋತೀನಿ, ತಡೀರಿ..."

"ಮುಟ್ಟಿದ್ರೆ ನೋಡು!"

ಅವನು ಕೈ ಹಿಂದಕ್ಕೆಳೆದುಕೊಂಡ. ಹೊರಗೆ ಟೀ ಕುಡಿಯುತ್ತಿದ್ದವರು ಅವನ ಅವತಾರ ನೋಡಿ ಬಿದ್ದು ಬಿದ್ದು ನಗುತ್ತಿದ್ದರು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ನಿಮ್ಮನ್ನ ಆಡ್ಕೋಬೇಕು ಅಂತ ಮಾಡ್ಲಿಲ್ಲ ರೀ. ಅಷ್ಟು ಸಲ ಬಿದ್ದು ಮತ್ತೆ ಹತ್ತೋರನ್ನ ನಾನೆಲ್ಲೂ ನೋಡಿಲ್ಲ. ತುಂಬ ಇಷ್ಟ ಆಗ್ಬಿಟ್ರಿ. ಬಾಯಿಬಿಟ್ಟು ಹೇಳಕ್ಕೆ ಧೈರ್ಯ ಬರ್ಲಿಲ್ಲ, ಆಡಿ ತೋರಿಸ್ದೆ."

"ಇಷ್ಟ ಆದ್ರೆ ನಂಗೆ ಹೇಳ್ಬೇಕು, ಊರಿಗೆಲ್ಲ ಅಲ್ಲ! ನನ್ನ ಕೇಳಕ್ಕೇನಾಗಿತ್ತು ಧಾಡಿ?"

"ಕೇಳಿದ್ರೆ ಬೇಡ ಅಂತಿದ್ರಿ."

"ಹೌದು, ಅಂತಿದ್ದೆ! ಅದಕ್ಕೇ ಕೇಳ್ಬೇಕಿತ್ತು!"

ಅವನು ನಿಂತುಬಿಟ್ಟ. ಅವಳು ಮುಂದೆ ಹೋದಳು. ಕಣ್ಣು ತುಂಬಿ ದಾರಿ ಮಂಜಾಗಿತ್ತು, ಒರೆಸಿಕೊಳ್ಳಲು ಕೈ ಬಿಡುವಂತಿಲ್ಲ. ಇಷ್ಟು ಪ್ರೀತಿಸಿದವನನ್ನು ಇಷ್ಟು ದ್ವೇಷಿಸಬೇಕಾಯಿತಲ್ಲ ಎಂದು ಇನ್ನೂ ಜೋರಾಗಿ ತುಳಿದಳು.

ಸುತ್ತು ಬಳಸಿ ಬರುವಾಗ ಒಳಗೆ ಬೆಲ್ ಹೊಡೆಯುತ್ತಿತ್ತು. ಹಿಂಬಾಗಿಲಲ್ಲಿ ಮ್ಯಾನೇಜರ್ ಕೂಗಾಡುತ್ತಿದ್ದ. "ಜನ ನಕ್ಕಿದ್ದೇ ಆ ಒಂದು ಪಾತ್ರಕ್ಕೆ ಕಣಯ್ಯಾ! ತಲೆ ಕೆಟ್ಟಿದೆಯಾ ನಿಂಗೆ?"

"ಇವತ್ತೂ ಮಾಡಲ್ಲ, ನಾಳೆನೂ ಮಾಡಲ್ಲ. ಅದು ನಂದಲ್ಲ ಸಾರ್, ಕೇಳದೆ ತಗೊಂಡಿದ್ದೆ." ನಟ ವಿಗ್ ತೆಗೆದು ಮ್ಯಾನೇಜರ್ ಕೈಗಿಟ್ಟ.

ಮತ್ತೆ ಓಡಿಬಂದು ಜೊತೆಗೂಡಿದ. ಈ ಸಲ ಒಂದು ಮಾರು ದೂರದಲ್ಲೇ, ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು. ಗೇಟಿನ ಹತ್ತಿರ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಬಿಡಬೇಡ ಪುಟ್ಟಿ, ಇನ್ನೂ ಬೈಯಿ!"

"ಹಿಡೀಲಾ?" ಎಂದ ಅವನು, ಏದುಸಿರು ಬಿಡುತ್ತಾ. "ಕೇಳ್ತಾ ಇದೀನಿ. ಬೇಡ ಅಂದ್ರೆ ಮುಟ್ಟಲ್ಲ, ಸುಮ್ನೆ ಪಕ್ಕದಲ್ಲಿ ಓಡ್ತೀನಿ."

ಅವಳು ಇನ್ನೊಂದು ಸುತ್ತು ಪೂರ್ತಿ ತುಳಿದಳು. ಅವನು ಓಡುತ್ತಲೇ ಇದ್ದ. ಅವಳ ಕಾಲು ಸೋತಿತ್ತು, ಕೋಪ ಸೋತಿರಲಿಲ್ಲ.

"ನಂಗೆ ಕೋಪ ಹೋಗಿಲ್ಲ."

"ಗೊತ್ತು."

"ಇಷ್ಟಕ್ಕೆಲ್ಲ ಹೋಗಲ್ಲ. ತುಂಬ ದಿನ ಇರತ್ತೆ."

"ಇರ್ಲಿ. ನಾನೂ ಇರ್ತೀನಿ."

ಅವಳು ತುಳಿಯುವುದನ್ನು ನಿಲ್ಲಿಸಿದಳು. ಸೈಕಲ್ ಓಲಾಡತೊಡಗಿತು.

"ಹಿಡಿ," ಎಂದಳು.