ಅಂದಪ್ಪನ ವಯಸ್ಸಿನ ಕಾಗದ

೧೯೩೮ರ ಜೂನ್ ಹದಿನಾಲ್ಕನೇ ತಾರೀಖು, ಮಂಗಳವಾರ. ಬೆಳಿಗ್ಗೆ ಏಳಕ್ಕೆ ಗಂಗಾವತಿ ಠಾಣೆಗೆ ಒಂದು ಫಿರ್ಯಾದಿ ಬಂತು. ತಂದವರು ಅಕ್ಕಿ ವ್ಯಾಪಾರಿ ಕೊಟ್ರಬಸಪ್ಪ. ಬರಿಗಾಲಲ್ಲೇ ಓಡಿ ಬಂದಿದ್ದರು. ಕಿರ್ರೆನ್ನುವ ಜೋಡಿಲ್ಲದೆ ಅವರನ್ನು ಪೇಟೆಯ ಯಾರೂ ನೋಡಿದ್ದಿಲ್ಲ.

ಅಮೀನ ಮೌಲಾಸಾಬರು ಕುರ್ಚಿ ಎಳೆದು ಕೊಟ್ಟರು. ನಿಜಾಮರ ಸೀಮೆಯಲ್ಲಿ ಠಾಣೆಯ ಮುಖ್ಯಸ್ಥನಿಗೆ ಅಮೀನ ಎನ್ನುತ್ತಿದ್ದರು. ಇವರು ಕುಷ್ಟಗಿ ಕಡೆಯವರು. ಎಫ್.ಐ.ಆರ್. ಬರೆಯುವುದು ಉರ್ದುವಿನಲ್ಲಾದರೂ ಪ್ರಶ್ನೆ ಕೇಳುವುದು ಕನ್ನಡದಲ್ಲಿ.

"ಏನು ಹೋಗೈತ್ರಿ, ಸಾವಕಾರ್ರ?"

"ಒಂದು ಕಾಗದ."

"ಬಂಗಾರ?"

"ಪೆಟಗ್ಯಾಗ ಐತ್ರಿ. ಮುಟ್ಟಿಲ್ಲ."

ಅವರ ಮಗ ಅಂದಪ್ಪನಿಗೆ ಹತ್ತೊಂಬತ್ತು ವರ್ಷ. ನೀರಾವರಿಯ ಎಂಜಿನಿಯರಿಂಗ್ ಓದಲು ವಿಲಾಯತಿಗೆ ಹೊರಟಿದ್ದ. ಸರಕಾರ ಅವನಿಗೆ ವಜೀಫಾ, ಎಂದರೆ ವಿದ್ಯಾರ್ಥಿವೇತನ, ಮಂಜೂರು ಮಾಡಿತ್ತು. ಒಂದು ವರ್ಷ ತಂದೆಮಗ ಕಚೇರಿಗಳ ಮೆಟ್ಟಿಲು ಸವೆಸಿದ್ದರು. ಸಂಸ್ಥಾನದವನೇ ಎಂಬ ಮುಲ್ಕಿ ದಾಖಲೆ ರಾಯಚೂರಿನಿಂದ, ಪಾಸ್‌ಪೋರ್ಟ್ ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯಿಂದ, ಸಿಡುಬು ಬಾರದಂತೆ ದೇವಿ ಹಾಕಿಸಿಕೊಂಡ ಚೀಟಿ ಡಾಕ್ಟರರಿಂದ ಬರಬೇಕಿತ್ತು. ಫೋಟೋಕ್ಕೆಂದು ಹೊಸಪೇಟೆಗೆ ಎರಡು ಸಲ ಹೋಗಬೇಕಾಯಿತು. ಮೊದಲನೆಯದರಲ್ಲಿ ತಲೆಯ ಮೇಲೆ ಟೋಪಿ ಇತ್ತೆಂದು ಅದು ತಿರುಗಿ ಬಂದಿತ್ತು. ಕೊನೆಗೆ ಎಲ್ಲವನ್ನೂ ಮೇಣಬಟ್ಟೆಯಲ್ಲಿ ಸುತ್ತಿ ದೇವರ ಮನೆಯ ಪೆಟ್ಟಿಗೆಯಲ್ಲಿಟ್ಟಿದ್ದರು. ಪಾಸ್‌ಪೋರ್ಟ್, ಹಡಗಿನ ಟಿಕೆಟು, ವಜೀಫಾದ ಹುಕುಂ ಎಲ್ಲವೂ ಇಟ್ಟ ಹಾಗೆಯೇ ಇದ್ದವು. ಹೋದದ್ದು ವಯಸ್ಸಿನ ದಾಖಲೆಯೊಂದೇ.

ಹಡಗು ಶನಿವಾರ ಮುಂಬಯಿ ಬಿಡುವುದಿತ್ತು. ಗುರುವಾರ ಕೊಪ್ಪಳದಲ್ಲಿ ರೈಲು ಹತ್ತಬೇಕು. ಆ ದಾಖಲೆಯ ಅಸಲು ತೋರಿಸದೆ ಮುಂಬಯಿಯಲ್ಲಿ ವಜೀಫಾದ ಹಣ ಕೊಡುವುದಿಲ್ಲ. ಈ ಹಡಗು ತಪ್ಪಿದರೆ ಅಂದಪ್ಪನ ಜಾಗ ಪಟ್ಟಿಯಲ್ಲಿ ಅವನ ನಂತರ ಇದ್ದವನ ಪಾಲಾಗುತ್ತಿತ್ತು.

"ಯಾರ ಮ್ಯಾಲ ಸಂಶಯ?"

ಕೊಟ್ರಬಸಪ್ಪ ತಮ್ಮ ಅಣ್ಣನ ಮಗ ಉಮಾಪತಿಯ ಹೆಸರು ಹೇಳಿದರು. ಅವನೂ ವಜೀಫಾಕ್ಕೆ ಅರ್ಜಿ ಹಾಕಿದ್ದನಂತೆ, ಸಿಕ್ಕಿರಲಿಲ್ಲ.

ಒಂಬತ್ತಕ್ಕೆ ಅಮೀನರು ಪೊಲೀಸ್ ಜವಾನ ದುರುಗಪ್ಪನೊಡನೆ ಸಾವಕಾರರ ಮನೆಗೆ ಹೋಗಿ ಪಂಚರನ್ನು ಕರೆಸಿದರು. ಪೆಟ್ಟಿಗೆಯ ಕೀಲಿ ಮುರಿದಿರಲಿಲ್ಲ. ಕೀಲಿಕೈ ಸಾವಕಾರರ ಹೆಂಡತಿ ವಿರೂಪಾಕ್ಷಮ್ಮನ ಸೊಂಟದಲ್ಲಿತ್ತು. ಕೇಳಿದ್ದಕ್ಕೆಲ್ಲ ಆಕೆ ಸೆರಗು ಹಿಡಿದು ನೆಲ ನೋಡುತ್ತ, ಗೊತ್ತಿಲ್ಲ ಎಂದಳು. ಹಿತ್ತಲಲ್ಲಿ ಮುದುಕಿಯೊಬ್ಬಳು ಭತ್ತ ಕೇರುತ್ತಿದ್ದಳು. ದುರುಗಪ್ಪ ಬಿಸಿಲಲ್ಲಿ ನಿಂತದ್ದನ್ನು ಕಂಡು, ತಾನು ಕೂತಿದ್ದ ಗೋಣಿಚೀಲವನ್ನು ನೆರಳಿಗೆ ಹಾಸಿ, ಮಾತಿಲ್ಲದೆ ಕೈಮಾಡಿ ಕರೆದಳು.

ಪಂಚನಾಮೆ ಮುಗಿಸಿ ಉಮಾಪತಿಯನ್ನು ಹುಡುಕಿದರು. ಅವನು ಯಲಬುರ್ಗಿಯಲ್ಲಿ ಮಾವನ ಮನೆಗೆ ಹೋಗಿ ವಾರವಾಗಿತ್ತು. ಅಲ್ಲಿಯ ಠಾಣೆಗೆ ಕಳಿಸಿದ ತಂತಿಗೆ ಹೌದೆಂದು ಉತ್ತರ ಬಂತು.

ಸಂಜೆ ಮೌಲಾಸಾಬರು ಉಳಿದ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತರು. ಹುಡುಗನನ್ನು ತಡೆಯಬೇಕೆಂಬ ಓದುಬಲ್ಲ ಕಳ್ಳ ಪಾಸ್‌ಪೋರ್ಟ್ ಒಯ್ಯುತ್ತಿದ್ದ. ಓದುಬಾರದವನಾದರೆ ಬಂಗಾರ ಒಯ್ಯುತ್ತಿದ್ದ. ಇವನಾದರೋ ಹತ್ತು ಹಾಳೆಗಳಲ್ಲಿ ಒಂದನ್ನೇ ಆರಿಸಿಕೊಂಡಿದ್ದ. ಆ ಒಂದರಲ್ಲಿ ಏನಿತ್ತು? ಅದನ್ನು ಬರೆದವರು ಮೌಲಾಸಾಬರೇ. ಅಂದಪ್ಪ ಹುಟ್ಟಿದ ದಿನ ಊರಿನ ದಫ್ತರದಲ್ಲಿ ದಾಖಲಾಗಿರಲಿಲ್ಲ. ಆದ್ದರಿಂದ ಬಾಣಂತನ ಮಾಡಿದವಳನ್ನು ಕರೆಸಿ, ಹೇಳಿಕೆ ಪಡೆದು, ತಹಶೀಲ್ದಾರರ ಮೊಹರು ಹಾಕಿಸಿದ್ದರು. ಉಳಿದ ಹಾಳೆಗಳ ತುಂಬ ಸಾಹೇಬರ ಸಹಿಗಳು. ಅದರಲ್ಲಿ ಮಾತ್ರ ಹೆಬ್ಬೆಟ್ಟು.

ಅಕ್ಷರ ತಿಳಿಯದವರಿಗೂ ಆ ಹಾಳೆಯ ಗುರುತು ಸಿಗುತ್ತದೆ. ಅಮೀನರ ಕೈ ಕಾಗದದ ಮೇಲೆ ಹಾಗೇ ನಿಂತಿತು.

ಅಂದಪ್ಪನನ್ನು ಕರೆಸಿದರು. ಪಾಸ್‌ಪೋರ್ಟಿನಲ್ಲಿ ಗುರುತಿನ ಚಿಹ್ನೆ ಎಂಬಲ್ಲಿ 'ಬಲ ಮೂಗು ಚುಚ್ಚಿದ ಕಲೆ' ಎಂದಿತ್ತು.

"ಗಂಡುಹುಡುಗಗ ಮೂಗ್ಯಾಕ ಚುಚ್ಚ್ಯಾರ?"

ಅಂದಪ್ಪ ನಾಚಿಕೊಂಡು ನಕ್ಕ. ತನಗಿಂತ ಮುಂಚೆ ಹುಟ್ಟಿದ ಮೂವರೂ ಉಳಿಯಲಿಲ್ಲವಂತೆ. ತಾನು ಹುಟ್ಟಿದಾಗ ಸಾವಿನ ಕಣ್ಣು ತಪ್ಪಿಸಲು ಬಾಣಂತನಕ್ಕೆ ಬಂದ ಯಮನೂರಮ್ಮನಿಗೆ ಒಂದು ಮೊರ ಜೋಳಕ್ಕೆ ಮಾರಿದರಂತೆ. ಮೂಗು ಚುಚ್ಚಿಸಿದವಳು ಆಕೆ, ಹಾಲು ಕೊಟ್ಟವಳು ಆಕೆ. ಮಾರಿದ ಮಕ್ಕಳನ್ನು ಮದುವೆಯಲ್ಲಿ ಮರಳಿ ಕೊಳ್ಳುವುದು ರೂಢಿ. ಅಲ್ಲಿಯವರೆಗೆ ಹೆತ್ತವಳನ್ನು ಅವನು ಚಿಗವ್ವ, ಎಂದರೆ ಚಿಕ್ಕಮ್ಮ, ಎನ್ನಬೇಕು. ಅವ್ವ ಎನ್ನುವುದು ಹಿತ್ತಲಲ್ಲಿ ಭತ್ತ ಕೇರುವ ಯಮನೂರಮ್ಮನಿಗೆ.

"ಆ ಕಾಗದ ಯಾರಿಗಾದ್ರೂ ತೋರಿಸಿದ್ದೇನು, ತಮ್ಮಾ?"

"ಅವ್ವಗ ತೋರ್ಸಿದ್ದೆ, ಐತವಾರ. ಆಕಿ ಹೆಬ್ಬೆಟ್ಟು ಐತಲ್ರಿ ಅದರಾಗ. ನಿನ್ನ ಗುರುತು ಹಡಗ ಹತ್ತತೈತಿ ಅಂತ ಹೇಳಿದ್ದೆ. ಉರ್ದು ಇತ್ತು, ನಾ ಕನ್ನಡದಾಗ ಓದಿ ಹೇಳಿದೆ." ಹೇಳುತ್ತ ಹೇಳುತ್ತ ಅವನ ನಗು ಮಾಯವಾಯಿತು. "ಓದಿದ ಮ್ಯಾಲ ಆಕಿ ಉಣ್ಣಲಿಲ್ರಿ."

ಬುಧವಾರ ಬೆಳಿಗ್ಗೆ ಮರಳಿ ಎಂಬ ಊರಿನ ದಾರಿಯಲ್ಲಿ ಕಾಲುವೆಯ ಪಕ್ಕದ ಗುಡಿಸಲಿಗೆ ಹೋದರು. ಯಮನೂರಮ್ಮ ಬಚ್ಚಿಡಲಿಲ್ಲ. ಜೋಳದ ಗಡಿಗೆಯಿಂದ ಕಾಗದ ತೆಗೆದು ಕೊಟ್ಟಳು. ಮೊಹರು, ಬರಹ ಎಲ್ಲವೂ ನೆಟ್ಟಗಿದ್ದವು. ಕೆಳಗೆ ಹೆಬ್ಬೆಟ್ಟಿದ್ದ ಜಾಗವನ್ನು ಮಾತ್ರ ಕುಡುಗೋಲಿನಿಂದ ದುಂಡಗೆ ಕೊಯ್ಯಲಾಗಿತ್ತು. ಅದರೊಳಗಿಂದ ಅಮೀನರಿಗೆ ತಮ್ಮದೇ ಬೆರಳು ಕಂಡಿತು.

"ಇಲ್ಲಿಂದು ಎಲ್ಲಿ?"

"ನುಂಗೀನ್ರಿ."

ದುರುಗಪ್ಪ ಬಾಯಿಯ ಮೇಲೆ ಕೈಯಿಟ್ಟುಕೊಂಡ.

"ಕಳವು ಯಾಕ ಮಾಡಿದಿ, ಯಮನೂರವ್ವ?"

"ಕಳವಲ್ರಿ. ನನ್ನ ಹೆಬ್ಬೆಟ್ಟು ನಾ ಹೊಳ್ಳಿ ತಗೊಂಡೆ."

ಠಾಣೆಯವರೆಗೆ ದುರುಗಪ್ಪ ಹಗ್ಗವನ್ನು ಜೇಬಿನಲ್ಲೇ ಇಟ್ಟುಕೊಂಡು, ಆಕೆಯ ಕುಂಟುಗಾಲಿನ ವೇಗಕ್ಕೆ ತಾನೂ ನಿಧಾನಿಸಿ ನಡೆದ. ಅಲ್ಲಿ ಕೊಟ್ರಬಸಪ್ಪ, ಅಂದಪ್ಪ ಕಾದಿದ್ದರು. ಮೌಲಾಸಾಬರು ಉಳಿದ ಪ್ರಶ್ನೆ ಕೇಳಿದರು: ಪಡಸಾಲೆ ದಾಟದವಳು ದೇವರ ಮನೆಯ ಪೆಟ್ಟಿಗೆ ಹೇಗೆ ತೆಗೆದಳು? ಉತ್ತರ ಬಾಗಿಲಿನಿಂದ ಬಂತು. ಠಾಣೆಯ ಹೊಸ್ತಿಲು ತುಳಿಯದ ಮನೆತನದ ಹೆಣ್ಣು ವಿರೂಪಾಕ್ಷಮ್ಮ ಅಲ್ಲಿ ನಿಂತಿದ್ದಳು.

"ಕೀಲಿ ತೆಗೆದು ಕೊಟ್ಟಾಕಿ ನಾನರಿ. ನನ್ನ ಹೆಸರೂ ಬರಕೊಳ್ರಿ."

"ಏನಂತೀ ನೀನು?" ಕೊಟ್ರಬಸಪ್ಪ ಹೆಂಡತಿಯ ಕಡೆ ತಿರುಗಿದರು.

"ಮೂರು ಮಣ್ಣು ಮಾಡಿ ಬಂದೀನ್ರಿ. ನಾಕನೇದು ನನ್ನ ಕೈಲಾಗೂದಿಲ್ಲ."

ಸಾವಕಾರರು, ಫಿರ್ಯಾದಿ ಹರಿದುಹಾಕಿರೆಂದು ಬೇಡಿಕೊಂಡರು. ಬರೆದದ್ದನ್ನು ಹರಿಯುವ ಅಧಿಕಾರ ತಮಗಿಲ್ಲ, ಇಬ್ಬರಿಗೂ ಜಾಮೀನು ನೀವೇ ನಿಲ್ಲಬಹುದು ಎಂದರು ಅಮೀನರು. ಆಮೇಲೆ ಯಮನೂರಮ್ಮನ ಕಡೆ ತಿರುಗಿ, ಹೆದರಿಕೆ ಯಾತರದು ಎಂದು ಮೆಲ್ಲಗೆ ಕೇಳಿದರು.

"ಹದಿನೆಂಟನೇ ಇಸವ್ಯಾಗ ದೊಡ್ಡ ಜ್ವರ ಬಂದಿತ್ತಲ್ರಿ. ಇವನ್ನ ಕೊಂಡಾಗ ನನ್ನ ಮಗ್ಗಲಾಗ ನನ್ನದೊಂದು ಮೂರು ತಿಂಗಳ ಕೂಸಿತ್ತು. ಇವ ನನ್ನ ಮಗ, ನನ್ನ ಮಗ ಅಂತ ಓಣಿತುಂಬಾ ಒದರಿದೆ. ಸಾವು ಕೇಳಿಸ್ಕೊಂಡು ಯಮನೂರಿ ಮಗನ್ನ ಹುಡಿಕ್ಕೊಂತ ನನ್ನ ಗುಡಿಸಲಕ್ಕ ಬಂತು. ನನ್ನ ಹೊಟ್ಟ್ಯಾಗಿಂದನ್ನ ಒಯ್ತು." ಆಕೆಯ ಕಣ್ಣಲ್ಲಿ ನೀರಿರಲಿಲ್ಲ. "ಕಿಮ್ಮತ್ತು ತೀರಿಸಿ ಇವನ್ನ ಇಟಗೊಂಡೀನ್ರಿ. ಈಗ ನನ್ನ ಹೆಬ್ಬೆಟ್ಟ ಸಾಕ್ಷಿ ಹೇಳ್ತೈತಿ, ಇವ ವಿರೂಪಾಕ್ಷಮ್ಮನ ಹೊಟ್ಟೀಲೆ ಹುಟ್ಟಿದಾವ ಅಂತ. ಮೊಹರು ಬ್ಯಾರೆ ಒತ್ತ್ಯಾರ. ಇವ ನಡೂ ಸಮುದ್ರದಾಗಿದ್ದಾಗ ಸಾವಿಗೆ ಗೊತ್ತಾದ್ರ ನಾ ಎಲ್ಲಿ ಹೋಗಿ ಅಡ್ಡ ನಿಂದರ್ಲಿ?"

ಹತ್ತೊಂಬತ್ತು ವರ್ಷದಿಂದ ಆ ಕೂಸಿನ ಮಾತು ಸಾವಕಾರರಿಗೆ ಗೊತ್ತಿರಲಿಲ್ಲ, ಅಂದಪ್ಪನಿಗೂ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ವಿರೂಪಾಕ್ಷಮ್ಮನಿಗೆ ಮಾತ್ರ ಗೊತ್ತಿದ್ದಂತೆ ಕಂಡಿತು.

ತಹಶೀಲ್ದಾರರು ನಿಯಮ ತಿಳಿಸಿ ಕಳಿಸಿದರು: ಅದೇ ಸಾಕ್ಷಿ ಅದೇ ಮಾತು ಹೇಳಿ ಹೊಸದಾಗಿ ಹೆಬ್ಬೆಟ್ಟು ಒತ್ತಿದರೆ ಸಂಜೆಯೊಳಗೆ ದಾಖಲೆ ಸಿಗುತ್ತದೆ. ಹೆತ್ತವರ ಸಾಕ್ಷಿ ನಡೆಯದು, ಬೇರೆ ಸಾಕ್ಷಿ ಬದುಕಿಲ್ಲ. ಮೌಲಾಸಾಬರು ಒತ್ತಾಯ ಮಾಡಲಿಲ್ಲ. ಮಸಿಯ ಡಬ್ಬಿಯನ್ನು ಮುಚ್ಚಿದ ಹಾಗೇ ಮೇಜಿನ ಮೇಲಿಟ್ಟರು.

"ಬ್ಯಾಡ ಬಿಡವ್ವ. ನಾ ಎಲ್ಲೂ ಹೋಗಂಗಿಲ್ಲ. ಇಲ್ಲೇನು ಕಡಿಮಿ ಐತಿ ನನಗ?" ಎಂದ ಅಂದಪ್ಪ ನಗುತ್ತ.

ಯಮನೂರಮ್ಮ ಅವನ ಮುಖವನ್ನೇ ನೋಡಿದಳು.

"ಸಣ್ಣಾವಿದ್ದಾಗಿಂದೂ ಹಿಂಗ ಅದಾನ್ರಿ ಇವ. ಮಾರಿ ನಗ್ತೈತಿ, ಗದ್ದ ನಡಗ್ತೈತಿ." ಎಡಗೈ ಚಾಚಿದಳು. "ಒತ್ತಿಸ್ಕೊಳ್ರಿ, ಅಮೀನಸಾಹೇಬ್ರ."

ಹೋದ ಸಲ ಉರ್ದುವಿನಲ್ಲಿ ಬರೆದು, ಓದಿ ಹೇಳದೆಯೇ ಒತ್ತಿಸಿಕೊಂಡಿದ್ದ ಹೇಳಿಕೆಯನ್ನು ಈ ಸಲ ಅಮೀನರು ಮೊದಲು ಕನ್ನಡದಲ್ಲಿ ಓದಿ ಹೇಳಿದರು. ಹೆತ್ತವಳ ಹೆಸರು ಬಂದಾಗ ಆಕೆ ಹೂಂ ಎಂದಳು. ಒತ್ತಿದ ಮೇಲೆ ಮೌಲಾಸಾಬರು ತಮ್ಮ ಕರವಸ್ತ್ರಕ್ಕೆ ಎಣ್ಣೆ ಹಚ್ಚಿ ಆಕೆಯ ಬೆರಳಿನ ಮಸಿಯನ್ನು ತಾವೇ ಒರೆಸಿದರು.

ಮಧ್ಯಾಹ್ನ ಮೂರಕ್ಕೆ ದಸ್ತಗಿರಿ ಪತ್ರ ತುಂಬಲು ಕೂತರು. ಹೆಸರು, ಗಂಡನ ಹೆಸರು, ಉದ್ಯೋಗ. ಕಾರಣ ಎಂಬ ಅಂಕಣದಲ್ಲಿ 'ಮಗನ ಜೀವಭಯ' ಎಂದು ಬರೆದರು. ಇನ್ನೊಂದು ಅಂಕಣ ಉಳಿದಿತ್ತು.

"ಮಕ್ಕಳೆಷ್ಟು, ಯಮನೂರವ್ವ?"

"ಇಬ್ಬರ್ರಿ," ಎಂದಳು ಆಕೆ. "ಒಬ್ಬ ಹೋಗ್ಯಾನ, ಒಬ್ಬ ಹೊಂಟಾನ."