ಕಾಗೆಯಂತೆ ಕೂಗಿದ ಸುರಗಿಪುರ

ಈಗ ದಾರಿ ಅಳಿಸಿಹೋಗಿರುವ ಒಂದು ನಾಡಿನಲ್ಲಿ, ಮರಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಸುರಗಿಪುರ ಎಂಬ ರಾಜ್ಯವಿತ್ತು. ಮಲ್ಲಿದೇವ ಅದರ ಅರಸ. ಸತ್ತವರು ಮನೆಗೆ ಬಂದು ಹೋಗುತ್ತಾರೆ ಎನ್ನುವ ಅಮಾವಾಸ್ಯೆಯಂದು ಅಲ್ಲಿ ಪ್ರತಿವರ್ಷ ಮಾಟಗಾತಿಯರ ನಗೆಯಾಟ ನಡೆಯುತ್ತಿತ್ತು. ಜನರ ಭಯ ಕಳೆಯಲಿ ಎಂದು ಹಿಂದಿನ ಅರಸರು ಮಾಡಿದ್ದ ಏರ್ಪಾಡು ಅದು.

ಆಟದಲ್ಲಿ ಮೂವರು ಮಾಟಗಾತಿಯರು. ಮೂವರಿಗೂ ಹಾರಲು ಇರುವುದು ಒಂದೇ ಮೊರ. ಮುಂದೆ ಯಾರು ಕೂರಬೇಕೆಂದು ಜಗಳ. ಜಗಳದಲ್ಲಿ ಒಬ್ಬಳು ಅಂಬಲಿ ಗಡಿಗೆಗೆ ಬೀಳುತ್ತಿದ್ದಳು, ಇನ್ನೊಬ್ಬಳು ತನ್ನ ಮಂತ್ರ ತನಗೇ ತಗುಲಿ ಕುಣಿಯುತ್ತಿದ್ದಳು. ಕೊನೆಗೆ ಹಿರಿಯ ಮಾಟಗಾತಿ ಒಂದು ಕುಂಬಳಕಾಯಿಯನ್ನು ಕೂಸಿನಂತೆ ಎದೆಗೊತ್ತಿಕೊಂಡು ಜೋಗುಳ ಹಾಡುತ್ತಿದ್ದಳು. ಕಾಯಿ ಕೈಜಾರಿ ಬಿದ್ದು ಒಡೆಯುತ್ತಿತ್ತು. ಅವಳು ಬೀಜಗಳನ್ನು ಬಾಚಿಕೊಂಡು ಗೋಳಾಡುತ್ತಿದ್ದಳು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹಿರಿಯ ಮಾಟಗಾತಿಯ ವೇಷ ದುಗ್ಗಲೆಯದು. ಅವಳಿಗಿಂತ ಮುಂಚೆ ಅದು ಅವಳ ತಾಯಿಯದು, ಅದಕ್ಕೂ ಮುಂಚೆ ಅಜ್ಜಿಯದು. ತಾಯಿ ತೀರಿಹೋದ ಮೇಲೆ ಉಳಿದವನು ತಂದೆ ಸೋವಣ್ಣ. ಆಟಕ್ಕೆ ಮದ್ದಳೆ ಬಾರಿಸುವವನು ಅವನೇ. ಹುಟ್ಟಿದಾಗಿನಿಂದ ನೋಡಿದ್ದರೂ ಕುಂಬಳಕಾಯಿ ಒಡೆದಾಗ ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ.

ಆ ವರ್ಷ ಆಟ ನೋಡಲು ನಿಜವಾದ ಮಾಟಗಾತಿಯರೇ ಬಂದರು. ಬಾವಲಿಬೆಟ್ಟದ ಚಿಟ್ಟವ್ವ, ಮಂಚಕ್ಕ, ಕಾಳಬ್ಬೆ. ಅವರು ಒಡಹುಟ್ಟಿದವರಲ್ಲ. ಬೇರೆ ಬೇರೆ ಊರುಗಳು ಹೊರಹಾಕಿದವರು ಬೆಟ್ಟದ ಮೇಲೆ ಒಂದಾಗಿದ್ದರು. ನಮ್ಮ ಮೇಲೇ ಆಟ ಕಟ್ಟಿದ್ದಾರಂತೆ, ನೋಡಿಯಾದರೂ ಬರೋಣ ಎಂದು ಹೂ ಮಾರುವವರ ವೇಷದಲ್ಲಿ ಬಂದು ಹಿಂದೆ ಕುಳಿತರು.

ಮೊರದ ಜಗಳಕ್ಕೆ ಚಿಟ್ಟವ್ವ ತೊಡೆ ತಟ್ಟಿಕೊಂಡು ನಕ್ಕಳು. "ನೋಡೇ ಮಂಚಕ್ಕ, ಥೇಟ್ ನೀನೇ!" ಎಂದಳು. ಕಾಳಬ್ಬೆಯೂ ಮುಗುಳ್ನಕ್ಕಳು.

ಆಮೇಲೆ ಕುಂಬಳಕಾಯಿ ಬಂತು. ಅದು ಬಿತ್ತು, ಒಡೆಯಿತು. ಅಂಗಳವೆಲ್ಲ ನಗೆಯಲ್ಲಿ ಅದುರಿತು. ಕಾಳಬ್ಬೆ ಎದ್ದು ನಿಂತಳು. ಅವಳ ಹೂಬುಟ್ಟಿ ಹೊತ್ತಿ ಉರಿಯಿತು.

"ನಕ್ಕ ಬಾಯಿಗಳೆಲ್ಲ ಕಾಗೆಯ ಬಾಯಾಗಲಿ!"

ಅಷ್ಟೇ. ಮೂವರೂ ಮಾಯವಾದರು. ಅರಸ "ಹಿಡಿಯಿರಿ" ಎನ್ನಲು ಬಾಯಿ ತೆರೆದ. "ಕಾ" ಎಂಬ ದನಿ ಬಂತು. ಮಂತ್ರಿ ಕಾ ಎಂದ, ರಾಣಿ ಕಾ ಎಂದಳು, ಸೋವಣ್ಣ ಮಗಳನ್ನು ಕರೆಯಲು ಹೋಗಿ ಕಾ ಕಾ ಎಂದ. ನಗದೆ ಉಳಿದಿದ್ದವರು ತೊಟ್ಟಿಲ ಕೂಸುಗಳು ಮತ್ತು ವೇದಿಕೆಯ ಮೇಲೆ ಅಳುತ್ತಿದ್ದ ದುಗ್ಗಲೆ.

ಮೊದಮೊದಲು ಅದೂ ನಗೆಯಾಟದಂತೆಯೇ ಕಂಡಿತು. ಆದರೆ ತಾಯಂದಿರು ಜೋಗುಳ ಹಾಡಲು ಹೋದರೆ ಕಾಗೆಯ ಕೂಗು. ಕೂಸುಗಳು ಹೆದರಿ ಕಿರುಚಿದವು. ಮೊಲೆ ಹಿಡಿಯಲಿಲ್ಲ, ಸೊರಗಿದವು.

ದುಗ್ಗಲೆ ಅರಸನ ಮುಂದೆ ನಿಂತಳು. "ಮಹಾಪ್ರಭು, ನಾನು ಬೆಟ್ಟಕ್ಕೆ ಹೋಗಿ ಕೇಳಿ ನೋಡುತ್ತೇನೆ. ಶಾಪ ಹಿಂತೆಗೆದುಕೊಂಡರೆ ಆ ಮೂವರಿಗೆ ಯಾರೂ ಕೇಡು ಮಾಡಬಾರದು. ನೀವು ಆಣೆ ಇಡಬೇಕು."

ಮಲ್ಲಿದೇವ ಕತ್ತಿಯ ಮೇಲೆ ಕೈಯಿಟ್ಟ. ಅದೇ ಕೈಯನ್ನು ತನ್ನ ಎಳೆಯ ಮಗನ ತಲೆಯ ಮೇಲಿಟ್ಟ. ಸಭೆಯೆಲ್ಲ ನೋಡಿತು. ದುಗ್ಗಲೆ ಹೊರಟಳು.

ಬೆಟ್ಟದ ಬುಡದಲ್ಲಿ ಚಿಟ್ಟವ್ವನ ಕರಡಿಯಿತ್ತು. ಅದು ಆನೆಯಷ್ಟು ದೊಡ್ಡದು, ನಿದ್ದೆಯೇ ಬಾರದ ಕರಡಿ. ದುಗ್ಗಲೆ ಓಡಲಿಲ್ಲ. ಅಲ್ಲೇ ಕುಳಿತು ತಾಯಿ ಕಲಿಸಿದ ಜೋಗುಳ ಹಾಡಿದಳು. ಕರಡಿ ಮೂಸಿತು, ಆಕಳಿಸಿತು, ಅವಳ ಕಾಲಬುಡದಲ್ಲೇ ಮಲಗಿತು.

"ನನ್ನ ಕೈಯಲ್ಲೂ ಆಗದ ಕೆಲಸ. ಹೋಗು ಮಗಳೇ" ಎಂದಳು ಬಂಡೆಯ ಹಿಂದಿನಿಂದ ಬಂದ ಚಿಟ್ಟವ್ವ.

ನಡುಬೆಟ್ಟದಲ್ಲಿ ಕುದಿಯುವ ಬೂದಿಯ ಹೊಳೆ. ಆಚೆ ದಡದಲ್ಲಿ ಮಂಚಕ್ಕ. "ನನ್ನ ವೇಷ ಹಾಕುತ್ತೀರಲ್ಲ, ಎಲ್ಲಿ, ಮಾಡಿ ತೋರಿಸು!" ಎಂದಳು. ದುಗ್ಗಲೆ ಸೊಂಟದ ಮೇಲೆ ಕೈಯಿಟ್ಟು, ಕತ್ತು ಕೊಂಕಿಸಿ, ಅದೇ ದನಿಯಲ್ಲಿ "ಎಲ್ಲಿ, ಮಾಡಿ ತೋರಿಸು!" ಎಂದಳು. ಮಂಚಕ್ಕ ನಕ್ಕು ನಕ್ಕು ಕೆಮ್ಮಿದಳು. ತನ್ನ ಸೆರಗನ್ನು ಹೊಳೆಯ ಮೇಲೆ ಬೀಸಿದಳು. ಅದು ಸೇತುವೆಯಾಯಿತು.

ತುದಿಯ ಗುಡಿಸಲಲ್ಲಿ ಕಾಳಬ್ಬೆ ಖಾಲಿ ತೊಟ್ಟಿಲು ತೂಗುತ್ತಿದ್ದಳು.

"ಕುಂಬಳಕಾಯಿ ಒಡೆದು ಅಳುತ್ತೀಯಲ್ಲ, ಯಾತಕ್ಕೆ ಅಳುತ್ತೀಯ ಅಂತ ಗೊತ್ತೇ ನಿನಗೆ?"

"ಇಲ್ಲ ಅವ್ವ. ಅಮ್ಮ ಕಲಿಸಿದಳು, ನಾನು ಅತ್ತೆ."

"ನಾನು ಸುರಗಿಪುರದ ಸೂಲಗಿತ್ತಿಯಾಗಿದ್ದೆ. ಈಗಿನ ಅರಸನ ಅಜ್ಜನನ್ನು ಎತ್ತಿ ಹಿಡಿದದ್ದು ಈ ಕೈ. ಊರಿಗೆ ಜ್ವರ ಬಂತು. ಜ್ವರ ತಂದವಳು ನಾನೇ ಎಂದರು. ನನ್ನನ್ನೂ ಜ್ವರದಲ್ಲಿದ್ದ ನನ್ನ ಕೂಸನ್ನೂ ಕೋಟೆಯ ಆಚೆ ದಬ್ಬಿ ಬಾಗಿಲು ಹಾಕಿದರು. ನೀರು ಕೇಳಿದೆ. ಕೊಡಲಿಲ್ಲ. ಕೂಸು ಸತ್ತ ಮೇಲೂ ನಾನು ಬಿಡದೆ ಜೋಗುಳ ಹಾಡಿದೆನಂತೆ. ಕೋಟೆಯ ಮೇಲೆ ನಿಂತವರು ನಕ್ಕರು. ಆಮೇಲೆ ಅದನ್ನೇ ಆಟ ಕಟ್ಟಿದರು."

ದುಗ್ಗಲೆ, "ಈಗ ಊರಿನ ಕೂಸುಗಳು ತಾಯಂದಿರನ್ನು ಕಂಡು ಹೆದರುತ್ತಿವೆ, ಅವ್ವ. ಹಾಲು ಕುಡಿಯುತ್ತಿಲ್ಲ" ಎಂದಳು.

ತೊಟ್ಟಿಲು ನಿಂತಿತು. "ಕೂಸುಗಳನ್ನು ನಾನು ನೆನೆಯಲಿಲ್ಲ" ಎಂದಳು ಕಾಳಬ್ಬೆ. ಆಮೇಲೆ, "ಕೂರು. ಮಡಿಲು ಒಡ್ಡು. ಏನು ಬಂದರೂ ಕೈ ಬಿಡಬೇಡ" ಎಂದಳು.

ದುಗ್ಗಲೆಯ ಮಡಿಲಿಗೆ ಒಂದು ಭಾರ ಬಂತು. ಕಣ್ಣಿಗೆ ಕಾಣದ ಕೂಸು. ಮೈ ಕಾದ ಹೆಂಚಿನಂತೆ ಸುಡುತ್ತಿತ್ತು. ಅವಳ ಅಂಗೈ ಬೊಬ್ಬೆಯೆದ್ದಿತು, ಅವಳು ಬಿಡಲಿಲ್ಲ. ಕೂಸು ಅವಳ ಬೆರಳು ಹಿಡಿದುಕೊಂಡಿತು. ಆಮೇಲೆ ಬಿಸಿ ಇಳಿಯುತ್ತಾ ಬಂತು. ಮೊದಲು ಪಾದ ತಣ್ಣಗಾಯಿತು, ಆಮೇಲೆ ಬೆನ್ನು, ಕೊನೆಗೆ ಆ ಪುಟ್ಟ ಕೈ. ದುಗ್ಗಲೆ ಅತ್ತಳು. ಅವಳು ವೇದಿಕೆಯ ಮೇಲೆ ಎಂದೂ ಹಾಗೆ ಅತ್ತಿರಲಿಲ್ಲ.

ಕಾಳಬ್ಬೆ ಅವಳ ಕಣ್ಣೊರೆಸಿದಳು. "ಶಾಪ ಬಿಡಿಸುತ್ತೇನೆ. ಆದರೆ ಒಂದು ತಿಳಿದುಕೊ. ಇಷ್ಟು ಬಾಯಿಗಳನ್ನು ಬಿಡಿಸಿದರೆ ನಮ್ಮ ಮೂವರ ಮಾಯೆಯೂ ಬತ್ತಿಹೋಗುತ್ತದೆ. ಆಮೇಲೆ ನಾವು ಬರೀ ಮುದುಕಿಯರು."

"ಅರಸರು ಮಗನ ಮೇಲೆ ಆಣೆ ಇಟ್ಟಿದ್ದಾರೆ, ಅವ್ವ."

ಕಾಳಬ್ಬೆ ಅವಳನ್ನೇ ನೋಡಿದಳು. ಎದ್ದು, ಸುರಗಿಪುರದ ಕಡೆಗೆ ತಿರುಗಿ ಉಸಿರು ಊದಿದಳು.

ದುಗ್ಗಲೆ ಊರು ಮುಟ್ಟುವಷ್ಟರಲ್ಲಿ ಮನೆಮನೆಯಲ್ಲೂ ಜೋಗುಳ ಕೇಳುತ್ತಿತ್ತು. ಅವಳು ಅರಮನೆಗೆ ಓಡಿದಳು. ಅಲ್ಲಿ ಈಟಿ ಹಿಡಿದ ದಂಡು ಸಾಲುಗಟ್ಟಿ ನಿಂತಿತ್ತು.

"ಮಹಾಪ್ರಭು, ನಿಮ್ಮ ಆಣೆ!"

ಅರಸ ಮಂತ್ರಿಯ ಮುಖ ನೋಡಿದ. ಮಂತ್ರಿ ಆಚಣ ಗಂಟಲು ಸರಿಮಾಡಿಕೊಂಡ. "ಆಣೆ ಎಂದರೆ ನುಡಿ. ಆ ದಿನ ಪ್ರಭುಗಳಿಗೆ ನುಡಿಯೇ ಇರಲಿಲ್ಲ. ನುಡಿಯದ ಆಣೆಗೆ ಕಟ್ಟುಬೀಳಬೇಕಿಲ್ಲ."

ಸಭೆ ಮೆಚ್ಚಿ ನಕ್ಕಿತು. ದಂಡು ಹೊರಟಿತು. ದಂಡಿನ ಮುಂದೆ ಮದ್ದಳೆ ಬಾರಿಸಿಕೊಂಡು ಸೋವಣ್ಣ ನಡೆದ.

"ಅಪ್ಪಾ, ಬೇಡ! ದಾರಿ ಬಿಡಿಸಿಕೊಟ್ಟವಳು ನಾನು" ಎಂದು ದುಗ್ಗಲೆ ಅವನ ತೋಳು ಹಿಡಿದಳು.

"ಹುಚ್ಚಿ, ನಿನ್ನ ಹೆಸರು ನಾಡೆಲ್ಲ ಹಾಡುತ್ತದೆ. ಅರಸರು ಕಡಗ ತೊಡಿಸುತ್ತಾರೆ. ಬಿಡು ಕೈ" ಎಂದ ಸೋವಣ್ಣ.

ಕರಡಿ ಇನ್ನೂ ಮಲಗಿತ್ತು. ಮಲಗಿದಲ್ಲೇ ಅದನ್ನು ತಿವಿದರು. ಬೂದಿಯ ಹೊಳೆ ಬತ್ತಿಹೋಗಿತ್ತು. ಗುಡಿಸಲ ಮುಂದೆ ಮೂವರು ಮುದುಕಿಯರು ಬಿಸಿಲು ಕಾಯಿಸುತ್ತಾ ಕುಳಿತಿದ್ದರು. ಅವರ ಕೈ ಕಟ್ಟಿ ಬೆಟ್ಟದಂಚಿಗೆ ಎಳೆದರು. ಕೆಳಗೆ ಕರಿಕೆರೆ.

"ಕರಡಿಯನ್ನು ಯಾಕೆ ಕೊಂದಿರಿ? ಅದು ಮಲಗಿತ್ತಲ್ಲ!" ಎಂದು ಚಿಟ್ಟವ್ವ ಎಲ್ಲರನ್ನೂ ಕೇಳುತ್ತಿದ್ದಳು. ಮಂಚಕ್ಕ ಕೂಗಾಡಿದಳು, ಉಗಿದಳು. ಕಾಳಬ್ಬೆ ದಂಡಿನ ಹಿಂದೆ ದುಗ್ಗಲೆಯನ್ನು ಕಂಡಳು.

"ಕೂಸುಗಳು ಹಾಲು ಕುಡಿಯುತ್ತಿವೆಯೇ?"

"ಕುಡಿಯುತ್ತಿವೆ, ಅವ್ವ."

"ಸರಿ" ಎಂದಳು ಕಾಳಬ್ಬೆ.

ಮದ್ದಳೆ ಜೋರಾಯಿತು. ಕೆರೆಯ ನೀರು ಮೂರು ಸಲ ಬಾಯಿ ತೆರೆದು ಮುಚ್ಚಿತು.

ಹೀಗೆ ಸುರಗಿಪುರದ ಕೇಡು ಕಳೆಯಿತು. ಮಳೆ ಬೆಳೆ ಚೆನ್ನಾಗಿ ಆಯಿತು. ಅರಸನ ಮಗ ಆರೋಗ್ಯವಾಗಿ ಬೆಳೆದ. ಜನ ಸುಖವಾಗಿ ಬಾಳಿದರು. ಅದೇನೂ ಸುಳ್ಳಲ್ಲ.

ದುಗ್ಗಲೆ ಮಾತ್ರ ಕಡಗಕ್ಕೆ ಕೈ ಒಡ್ಡಲಿಲ್ಲ. ಬೊಬ್ಬೆಯೆದ್ದ ಅಂಗೈ ಮುಚ್ಚಿಕೊಂಡು, ಉಟ್ಟ ಸೀರೆಯಲ್ಲೇ ರಾಜ್ಯದ ಗಡಿಯವರೆಗೆ ನಡೆದಳು. ಗಡಿಯಾಚೆ ಬೇರೆ ನಾಡು. ಅಲ್ಲಿಯ ಕಾವಲುಗಾರ ಅವಳನ್ನು ತಡೆದ.

"ಯಾರಮ್ಮ ನೀನು? ಯಾರ ಮಗಳು?"

"ಕಾಳಬ್ಬೆಯ ಮಗಳು" ಎಂದಳು ದುಗ್ಗಲೆ.

ಆ ನಾಡಿನಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕಾವಲುಗಾರ ಪಕ್ಕಕ್ಕೆ ಸರಿದು ದಾರಿ ಬಿಟ್ಟ.