ಹೋದ ವರ್ಷದ ಅಳತೆ

"ಯಾರಾದ್ರೂ ಆ ಫ್ಯಾನ್ ಆರಿಸಿ. ಕೊರಳಪಟ್ಟಿಯ ತುಪ್ಪಳವೆಲ್ಲ ಹಾರಿ ಕೇಕಿನ ಮೇಲೆ ಕೂರ್ತಿದೆ."

ನಾದಿನಿ ನಡುಮನೆಯಿಂದ ಕೂಗಿದಾಗ ದೊಡ್ಡ ಸೊಸೆ ಒಲೆಯ ಮುಂದೆ ಕೋಳಿ ಮಗುಚುತ್ತಿದ್ದಳು. ಫ್ಯಾನ್ ನಿಂತಿತು. ಹೊರಗೆ ಕರಾವಳಿಯ ಡಿಸೆಂಬರ್ ಬಿಸಿಲು ಅಂಗಳದ ಕಲ್ಲನ್ನು ಕಾಯಿಸುತ್ತಿತ್ತು. ಒಳಗೆ ಕೂಸಿನಿಂದ ಮುದುಕರವರೆಗೆ ಮನೆ ತುಂಬಿದ ಎಲ್ಲರ ಮೈಮೇಲೂ ದಪ್ಪನೆಯ ಕೆಂಪು ವೆಲ್ವೆಟ್, ಕೊರಳಿಗೆ ಬಿಳಿ ತುಪ್ಪಳ.

ಕ್ರಿಸ್‌ಮಸ್ ದಿನ ಇಡೀ ಕುಟುಂಬ ಒಂದೇ ಥಾನಿನ ಬಟ್ಟೆ ತೊಡಬೇಕೆಂಬುದು ಅತ್ತೆಯ ಕಟ್ಟಳೆ. ಬಟ್ಟೆ ಆರಿಸುವವಳು ಅವರ ಮಗಳು, ಹೊಲಿಯುವವಳು ದೊಡ್ಡ ಸೊಸೆ. ಹೇಗೂ ದರ್ಜಿ ತಾನೇ, ಊರವರಿಗೆಲ್ಲ ಹೊಲಿಯುವವಳಿಗೆ ಮನೆಯವರದ್ದೇನು ಭಾರ? ಈ ಸಲ ನಾದಿನಿ ಹಿಮದ ನಾಡಿನ ಯಾವುದೋ ಕುಟುಂಬದ ಚಿತ್ರ ನೋಡಿ ಮರುಳಾಗಿದ್ದಳು. "ಈ ಸೆಖೆಗೆ ಹತ್ತಿ ಬಟ್ಟೆಯೇ ಮೈಗೆ ಅಂಟುತ್ತಲ್ಲೇ" ಎಂದರೆ, "ಅತ್ತಿಗೆ, ಫೋಟೋದಲ್ಲಿ ಸೆಖೆ ಕಾಣಲ್ಲ" ಎಂದು ನಕ್ಕಿದ್ದಳು. ಟೇಪು ಹಿಡಿದು ಅತ್ತೆಯ ಬಳಿ ಹೋದರೆ ಅವರು ಮೈ ಮುಟ್ಟಲೂ ಬಿಟ್ಟಿರಲಿಲ್ಲ. "ಹೋದ ವರ್ಷದ ಅಳತೆ ಇಲ್ವೇನೇ? ನಾನೇನು ಬೆಳೆಯೋ ಮಗುವಾ?"

ಗಡಿಯಾರ ರಿಪೇರಿ ಮಾಡುವ ಗಂಡ ಬೆವರು ಒರೆಸಿಕೊಳ್ಳುತ್ತ ಅಡುಗೆಮನೆಗೆ ಬಂದ. ಅವಳ ದರ್ಜಿ ಅಂಗಡಿಯ ಹಿಂದೆ ಇಬ್ಬರೂ ಬೇರೆ ಇರಲು ಎರಡು ಕೋಣೆಯ ಮನೆ ಗೊತ್ತಾಗಿತ್ತು. ಅದನ್ನು ಎಲ್ಲರೂ ಕೂಡಿದಾಗಲೇ ಹೇಳಬೇಕು, ಇಲ್ಲದಿದ್ದರೆ ಸೊಸೆ ಗಂಡನನ್ನು ಕಿತ್ತುಕೊಂಡು ಹೋದಳೆಂದು ಅತ್ತೆ ಊರಿಗೆಲ್ಲ ಸಾರುತ್ತಾರೆ ಎಂಬುದು ಅವಳ ಲೆಕ್ಕ. ಹೇಳುವ ಹೊಣೆ ಗಂಡ ಹೊತ್ತಿದ್ದ.

"ಹೇಳ್ತೀರಿ ತಾನೇ?"

"ಊಟ ಆಗ್ಲಿ."

"ಬೆಳಿಗ್ಗೆ ತಿಂಡಿ ಆಗ್ಲಿ ಅಂದ್ರಿ."

"ಎಲ್ಲರೂ ಖುಷಿಯಾಗಿದ್ದಾರೆ ಕಣೇ..."

"ಖುಷಿಯಾಗಿಲ್ಲ ರೀ. ಬೇಯ್ತಿದ್ದಾರೆ."

ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು ನಡುಮನೆಗೆ ನಡೆದಳು. ಮನೆಮಂದಿಯೆಲ್ಲ 'ಭಾಷಣ' ಎಂದು ಕರೆಯುವ ಮೈದುನ ಕುಟುಂಬದ ಒಗ್ಗಟ್ಟಿನ ಬಗ್ಗೆ ಮಾತಾಡುತ್ತಿದ್ದ. ಅವನು ಉಸಿರು ತೆಗೆದುಕೊಂಡ ಸಂದಿಯಲ್ಲಿ ಅವಳು ಹೇಳಿಬಿಟ್ಟಳು. "ಹೊಸ ವರ್ಷಕ್ಕೆ ನಾವಿಬ್ರೂ ಅಂಗಡಿ ಹಿಂದಿನ ಮನೆಗೆ ಹೋಗ್ತಿದ್ದೀವಿ."

"ಹಬ್ಬದ ದಿನಾನೇ ಸಿಕ್ತಾ ಅತ್ತಿಗೆ?" ಎಂದಳು ನಾದಿನಿ.

"ಬೇರೆ ದಿನ ನೀನು ಬರಲ್ವಲ್ಲಮ್ಮ."

ಅತ್ತೆ ಕುರ್ಚಿ ಹಿಡಿದು ಎದ್ದರು. "ಹೋಗ್ಲಿ ಬಿಡಿ. ನಮ್ಮ ಮನೆ ಅವಳಿಗೆ ಯಾವತ್ತು ಒಗ್ಗಿತ್ತು..." ಎನ್ನುವಷ್ಟರಲ್ಲಿ ಮಾತು ತೊದಲಿತು. ಕಣ್ಣು ಮೇಲಾಯಿತು. ಮೈದುನ ಹಿಡಿಯದಿದ್ದರೆ ನೆಲಕ್ಕೆ ಬೀಳುತ್ತಿದ್ದರು.

ಕೋಣೆಯಲ್ಲಿ ಮಲಗಿಸಿ, ಗಾಳಿಯಾಡಲೆಂದು ಎಲ್ಲರನ್ನೂ ಹೊರಗಟ್ಟಿ ಅವಳು ಕತ್ತರಿ ತೆಗೆದಳು. ಬಾಗಿಲಾಚೆಯಿಂದ ನಾದಿನಿಯ ದನಿ. "ಬಟ್ಟೆ ಕತ್ತರಿಸ್ಬೇಡಿ ಅತ್ತಿಗೆ, ಫೋಟೋ ಆಗಿಲ್ಲ..."

ಅವಳು ಹಲ್ಲು ಕಚ್ಚಿ, ತಾನೇ ಹಾಕಿದ ಹೊಲಿಗೆಯನ್ನು ಕಂಕುಳಿನಿಂದ ಸೊಂಟದವರೆಗೆ ಸೀಳಿದಳು. ಒಳಗೆ ಮೈ ಇರಲಿಲ್ಲ, ಟವೆಲ್ ಇತ್ತು. ಅದರ ಕೆಳಗೆ ಇನ್ನೊಂದು. ಎದೆಗೆ, ಹೊಟ್ಟೆಗೆ ಸುತ್ತು ಹಾಕಿ ಪಿನ್ನು ಚುಚ್ಚಿದ್ದರು, ಎಲ್ಲ ತೊಪ್ಪೆಯಾಗಿದ್ದವು. ಕೊನೆಯದನ್ನು ಬಿಚ್ಚಿದಾಗ ಪಕ್ಕೆಲುಬುಗಳು ಕಂಡವು.

ಬಟ್ಟೆ ಒದ್ದೆ ಮಾಡಿ ಮುಖ ಒರೆಸಿದ ಮೇಲೆ ಅತ್ತೆ ಕಣ್ಣು ಬಿಟ್ಟರು.

"ಬಾಗಿಲು ಹಾಕಿದ್ದೀಯಾ?"

"ಹಾಕಿದ್ದೀನಿ. ಏನಿದು ಅತ್ತೆ?"

"ನಿನ್ನ ಹೊಲಿಗೆ ಸಡಿಲ ಆಗಿತ್ತು."

"ನನ್ನ ಹೊಲಿಗೆ ಸಡಿಲ ಆಗಿಲ್ಲ. ನೀವು ಕರಗಿದ್ದೀರಿ."

ಅತ್ತೆ ಗೋಡೆಯ ಕಡೆ ತಿರುಗಿದರು. "ಹೊಟ್ಟೇಲಿ ಗಡ್ಡೆಯಂತೆ. ಕೊಯ್ದು ತೆಗೀಬೇಕಂತೆ. ಡಾಕ್ಟರು ಮನೆಯವರನ್ನ ಕರ್ಕೊಂಡು ಬನ್ನಿ ಅಂದ್ರು. ಹಬ್ಬ ಕಳೀಲಿ ಅಂತಿದ್ದೆ..."

"ಈ ಉರಿಯಲ್ಲಿ ಟವೆಲ್ ಸುತ್ಕೊಂಡು, ಮೇಲೆ ವೆಲ್ವೆಟ್ ಹಾಕ್ಕೊಂಡು... ಸತ್ತೇ ಹೋಗ್ತಿದ್ರಿ."

"ಸತ್ತಿದ್ರೆ ನಿನಗೆ ಮನೆ ಬದಲಾಯಿಸೋ ಶ್ರಮ ಉಳೀತಿತ್ತು."

ಸಾಯುವಾಗಲೂ ಈ ನಾಲಿಗೆ ಸುಮ್ಮನಿರುವುದಿಲ್ಲ ಎಂದು ಅವಳಿಗೆ ರೇಗಿತು. ರೇಗಿದ ರಭಸಕ್ಕೆ ಕಣ್ಣಲ್ಲಿ ನೀರೂ ಬಂತು, ಅದಕ್ಕೆ ಇನ್ನಷ್ಟು ರೇಗಿತು.

"ಮಗಳಿಗೆ ಹೇಳಿದ್ರೆ ಅಳ್ತಾಳೆ, ನಾನೇ ಸಮಾಧಾನ ಮಾಡ್ಬೇಕು," ಎಂದರು ಅತ್ತೆ. "ಚಿಕ್ಕವನು ಮಾತು ಶುರು ಮಾಡಿದ್ರೆ ನಿಲ್ಸಲ್ಲ. ನಿನ್ನ ಗಂಡ ಕೀಲಿ ಕೊಡದ ಗಡಿಯಾರದ ಹಾಗೆ ನಿಂತ್ಕೋತಾನೆ. ನೀನು ಬೈತೀಯ. ಬೈಕೊಂಡೇ ಕೆಲಸ ಮಾಡಿ ಮುಗಿಸ್ತೀಯ."

"ಅದಕ್ಕೆ?"

"ಹೋಗ್ಬೇಡ ಅನ್ನಲ್ಲ. ನನ್ನನ್ನೂ ಕರ್ಕೊಂಡು ಹೋಗು."

ಯಾರಿಂದ ಬಿಡಿಸಿಕೊಳ್ಳಲು ಆ ಮನೆ ಹುಡುಕಿದ್ದಳೋ ಅವರೇ ಗಂಟುಮೂಟೆ ಕಟ್ಟುತ್ತಿದ್ದಾರೆ. ಆ ಮನೆಯಲ್ಲಿ ರಸ್ತೆಗೆ ತೆರೆಯುವ ಒಂದು ಕಿಟಕಿಯಿತ್ತು. ಸಂಜೆ ಅಲ್ಲಿ ಸುಮ್ಮನೆ ಕೂರಬೇಕು, ಯಾರೂ ಕರೆಯಬಾರದು... ಅವಳು ಕೇಳಿದ್ದು ಅಷ್ಟೇ. ಈಗ ಬಾಗಿಲು ತೆರೆದು ಮಕ್ಕಳನ್ನು ಕರೆದು, ನಿಮ್ಮಮ್ಮನನ್ನು ನೀವೇ ನೋಡಿಕೊಳ್ಳಿ ಎಂದರೆ ತಪ್ಪೆನ್ನುವವರು ಯಾರು? ಅವಳು ಎದ್ದು ಬಾಗಿಲವರೆಗೆ ಹೋದಳು. ಚಿಲಕದ ಮೇಲೆ ಕೈಯಿಟ್ಟು ನಿಂತಳು. ಮತ್ತೆ ಬಂದು ಮಂಚದಂಚಿಗೆ ಕೂತಳು.

"ನನ್ನ ಅಡುಗೆಯಲ್ಲಿ ಕೊಂಕು ತೆಗೆಯೋ ಹಾಗಿಲ್ಲ."

ಅತ್ತೆ ಯೋಚಿಸಿದರು. "ಉಪ್ಪು ಕಮ್ಮಿ ಇದ್ರೂ?"

"ಇದ್ರೂ."

"ಕಷ್ಟ ಕಣೇ," ಎಂದರು ಪ್ರಾಮಾಣಿಕವಾಗಿ. "ನೋಡ್ತೀನಿ."

"ಇನ್ನೊಂದು. ಕಾಯಿಲೆ ವಿಷಯ ಎಲ್ಲರಿಗೂ ಈಗಲೇ ಹೇಳ್ಬೇಕು. ಆಸ್ಪತ್ರೇಲಿ ಮೂವರು ಮಕ್ಕಳೂ ಸರದಿ ಕೂರ್ಬೇಕು. ನಾನೊಬ್ಬಳೇ ಹೊರಲ್ಲ."

ಅತ್ತೆ ಕಣ್ಣು ಮುಚ್ಚಿ ತಲೆಯಾಡಿಸಿದರು. ಅವಳು ಹೊದಿಕೆ ಸರಿಪಡಿಸಿ ಬಾಗಿಲು ತೆಗೆದಳು.

"ಒಳಗೆ ಹೋಗಿ. ಅಮ್ಮ ಏನೋ ಹೇಳ್ಬೇಕಂತೆ. ಅಳೋರು ಇಲ್ಲೇ ಅತ್ತು ಮುಗಿಸಿ."

ನಾದಿನಿ ಆಗಲೇ ಬಿಕ್ಕುತ್ತಿದ್ದಳು. ಗಂಡ ಹಿಂದೆ ಉಳಿದು ಪಿಸುಗುಟ್ಟಿದ. "ಹಾಗಾದ್ರೆ ನಾವು ಹೋಗ್ತಿಲ್ವಾ?" ಆ ದನಿಯಲ್ಲಿನ ನಿರಾಳ ಅವಳ ಕಿವಿಗೆ ತಪ್ಪಲಿಲ್ಲ.

"ಹೋಗ್ತಿದ್ದೀವಿ. ನಿಮ್ಮಮ್ಮನೂ ಬರ್ತಾರೆ," ಎಂದಳು. ಕೋಣೆಯ ಕಡೆ ನೋಡಿ ಸೇರಿಸಿದಳು. "ಅಲ್ಲಿ ಅವರ ಮಂಚ ಆ ರಸ್ತೆ ಕಿಟಕಿ ಪಕ್ಕ ಹಾಕಿ. ಅವರಿಗೆ ಗಾಳಿ ಬೇಕು."